ಕಾರ್ಬನ್ ಮಾರುಕಟ್ಟೆಗಳ ಜೋಡಣೆ: ಒಪ್ಪಂದವನ್ನು ಕೊನೆಯ ಪುಟದಿಂದ ಓದಿ

ಎರಡು ಸರ್ಕಾರಗಳು ತಮ್ಮ ಕಾರ್ಬನ್ ಮಾರುಕಟ್ಟೆಗಳನ್ನು ಜೋಡಿಸುತ್ತವೆ ಎಂಬ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳು ಬರೆಯುವುದು ಬೆಲೆಯ ಬಗ್ಗೆ. ಎರಡೂ ಕಡೆ ಒಂದೇ ಬೆಲೆ ಬರುತ್ತದೆ, ಕಡಿಮೆ ಖರ್ಚಿನಲ್ಲಿ ಹೊಗೆ ಇಳಿಸಬಲ್ಲವರು ಇಳಿಸುತ್ತಾರೆ, ಆಗದವರು ಅವರಿಂದ ಕೊಳ್ಳುತ್ತಾರೆ, ಒಟ್ಟು ವೆಚ್ಚ ಕಡಿಮೆಯಾಗುತ್ತದೆ. ನಿಜವೇ. ಆದರೆ ಬಾಗಿಲು ತೆರೆದ ಮೇಲೆ ಬೆಲೆ ತಾನಾಗಿಯೇ ಒಂದಾಗುತ್ತದೆ, ಅದಕ್ಕೆ ಮಾತುಕತೆ ಬೇಕಿಲ್ಲ. ಅಧಿಕಾರಿಗಳು ವರ್ಷಗಟ್ಟಲೆ ಜಗ್ಗಾಡುವುದು ಬೇರೆ ಮೂರು ವಿಷಯಗಳಿಗೆ: ಪರವಾನಗಿಗಳ ಲೆಕ್ಕ ಯಾರ ಕಂಪ್ಯೂಟರಿನಲ್ಲಿರುತ್ತದೆ, ಒಬ್ಬರ ಸಡಿಲ ನಿಯಮ ಇನ್ನೊಬ್ಬರ ಮನೆಯೊಳಗೆ ಹೇಗೆ ನುಗ್ಗುತ್ತದೆ, ಒಬ್ಬರು ಎದ್ದು ಹೋದರೆ ಆಗಲೇ ಕೈಬದಲಾದ ಪರವಾನಗಿಗಳ ಗತಿ ಏನು. ಈ ಮೂರನೆಯದನ್ನು ಒಪ್ಪಂದದ ಕೊನೆಯಲ್ಲಿ ನಾಲ್ಕು ಸಾಲಿನಲ್ಲಿ ಮುಗಿಸಿರುತ್ತಾರೆ. ಓದಲು ಶುರುಮಾಡಬೇಕಾದದ್ದು ಅಲ್ಲಿಂದಲೇ ಎಂಬುದು ನನ್ನ ಅಭಿಪ್ರಾಯ.

ಹೊಸಬರಿಗೆ ಎರಡು ಮಾತು. ಸರ್ಕಾರ ಒಂದು ಅವಧಿಗೆ ಇಷ್ಟು ಟನ್ ಎಂದು ಮಿತಿ ಹಾಕಿ ಅಷ್ಟೇ ಸಂಖ್ಯೆಯ ಪರವಾನಗಿ ಹೊರಡಿಸುತ್ತದೆ. ಕೆಲವನ್ನು ಕಾರ್ಖಾನೆಗಳಿಗೆ ಉಚಿತವಾಗಿ ಕೊಡುತ್ತದೆ, ಉಳಿದವನ್ನು ಹರಾಜು ಹಾಕುತ್ತದೆ. ಅವಧಿ ಮುಗಿದಾಗ ಕಾರ್ಖಾನೆ ತಾನು ಬಿಟ್ಟ ಪ್ರತಿ ಟನ್ನಿಗೂ ಒಂದು ಪರವಾನಗಿ ಒಪ್ಪಿಸಬೇಕು. ಪಕ್ಕದ ಸರ್ಕಾರ ಹೊರಡಿಸಿದ ಪರವಾನಗಿಯನ್ನೂ ಇಲ್ಲಿ ಒಪ್ಪಿಸಬಹುದು ಎಂದು ನಿಯಮ ಬಂದರೆ ಅದೇ ಜೋಡಣೆ.

ಇದರ ಒಳಗುಟ್ಟೆಲ್ಲ ಒಂದೇ ಕಡೆ ಕಾಣಸಿಗುವುದು ಕ್ಯಾಲಿಫೋರ್ನಿಯಾ ಮತ್ತು ಕ್ವಿಬೆಕ್‌ಗಳ ಜೋಡಿಯಲ್ಲಿ. ಒಂದು ಅಮೆರಿಕದ ರಾಜ್ಯ, ಇನ್ನೊಂದು ಕೆನಡಾದ ಪ್ರಾಂತ್ಯ. ಎರಡು ದೇಶ, ಎರಡು ಭಾಷೆ, ಎರಡು ಡಾಲರ್. ಇಬ್ಬರ ಮಾರುಕಟ್ಟೆಯೂ 2013ರಲ್ಲಿ ಶುರುವಾಗಿ 2014ರ ಜನವರಿ 1ರಂದು ಜೋಡಣೆಯಾದವು. ಅದೇ ವರ್ಷದ ನವೆಂಬರಿನಲ್ಲಿ ಮೊದಲ ಜಂಟಿ ಹರಾಜು ನಡೆದು ಟನ್ನಿಗೆ 12.10 ಅಮೆರಿಕನ್ ಡಾಲರ್ ಬೆಲೆ ಬಂತು.

ಹರಾಜು ವರ್ಷಕ್ಕೆ ನಾಲ್ಕು ಬಾರಿ: ಫೆಬ್ರುವರಿ, ಮೇ, ಆಗಸ್ಟ್, ನವೆಂಬರ್. ಬಿಡ್ ಮುಚ್ಚಿದ್ದು, ಒಂದೇ ಸುತ್ತು. ಒಂದು ಲಾಟ್ ಎಂದರೆ 1,000 ಪರವಾನಗಿ. ಬಿಡ್ ಹಾಕುವವರು ಮುಂಚಿತವಾಗಿ ನಗದು ಅಥವಾ ಬ್ಯಾಂಕ್ ಖಾತರಿ ಇಡಬೇಕು. ಬಿಡ್‌ಗಳನ್ನು ಮೇಲಿನ ಬೆಲೆಯಿಂದ ಕೆಳಕ್ಕೆ ಜೋಡಿಸಿಕೊಂಡು ಬಂದು, ಮಾರಾಟಕ್ಕಿಟ್ಟಷ್ಟೂ ಮುಗಿದಲ್ಲಿ ನಿಲ್ಲಿಸುತ್ತಾರೆ. ಆ ಕೊನೆಯ ಬೆಲೆಯೇ ಗೆದ್ದವರೆಲ್ಲರಿಗೂ. ಪಾಲಿಸಲೇಬೇಕಾದ ಕಂಪನಿಗಳು ಒಂದು ಹರಾಜಿನ ಶೇ 25ಕ್ಕಿಂತ ಹೆಚ್ಚು ಕೊಳ್ಳುವಂತಿಲ್ಲ, ಬರೀ ವ್ಯಾಪಾರಕ್ಕೆ ಬಂದವರಿಗೆ ಶೇ 4ರ ಮಿತಿ.

ಗೊಂದಲ ಬರುವುದು ತಳಬೆಲೆಯಲ್ಲಿ. ಎರಡೂ ಸರ್ಕಾರಗಳು ತಮ್ಮ ತಮ್ಮ ಕರೆನ್ಸಿಯಲ್ಲಿ ಕನಿಷ್ಠ ಬೆಲೆ ಘೋಷಿಸುತ್ತವೆ. ಕ್ಯಾಲಿಫೋರ್ನಿಯಾದ್ದು 2012ರಲ್ಲಿ 10 ಡಾಲರಿನಿಂದ ಆರಂಭವಾಗಿ ವರ್ಷಕ್ಕೆ ಶೇ 5 ಮತ್ತು ಅದರ ಮೇಲೆ ಹಣದುಬ್ಬರದಷ್ಟು ಏರುತ್ತ ಬಂದಿದೆ. ಕ್ವಿಬೆಕ್‌ನದೂ ಅದೇ ಸೂತ್ರ, ಆದರೆ ಹಣದುಬ್ಬರ ಕೆನಡಾದ್ದು. ವಿನಿಮಯ ದರ ದಿನಾ ಕದಲುವಾಗ ಈ ಎರಡು ಸಂಖ್ಯೆಗಳು ಹೊಂದುವುದು ಹೇಗೆ? ಹರಾಜಿನ ಹಿಂದಿನ ದಿನದ ವಿನಿಮಯ ದರ ಹಿಡಿದು ಒಂದನ್ನು ಇನ್ನೊಂದಕ್ಕೆ ಪರಿವರ್ತಿಸಿ, ಎರಡರಲ್ಲಿ ಹೆಚ್ಚಿನದನ್ನು ಆ ದಿನದ ತಳಬೆಲೆ ಎಂದು ಗೊತ್ತುಮಾಡುತ್ತಾರೆ. ಕೇಳಲು ಸಣ್ಣ ನಿಯಮ. ಆದರೆ ಕಡಿಮೆಯದನ್ನು ತೆಗೆದುಕೊಳ್ಳುವ ನಿಯಮವಿದ್ದಿದ್ದರೆ, ಕೆನಡಾ ಡಾಲರ್ ಕುಸಿದಾಗಲೆಲ್ಲ ಕ್ಯಾಲಿಫೋರ್ನಿಯಾದ ತಳಬೆಲೆಯೂ ಕುಸಿಯುತ್ತಿತ್ತು. ಇಂಥ ಒಂದೊಂದು ಸಾಲಿನಲ್ಲೇ ಜೋಡಣೆಯ ಭವಿಷ್ಯ ಅಡಗಿರುತ್ತದೆ.

ಜೋಡಣೆಯಾದರೆ ಪಕ್ಕದವರ ಕೋರ್ಟು ಕೇಸೂ ನಿಮ್ಮದಾಗುತ್ತದೆ. 2016ರ ಮೇ ಹರಾಜಿನಲ್ಲಿ ಮಾರಾಟಕ್ಕಿಟ್ಟ ಪರವಾನಗಿಗಳಲ್ಲಿ ಹೋದದ್ದು ಸುಮಾರು ಶೇ 11 ಮಾತ್ರ. ಹರಾಜು ಎಂಬುದು ತೆರಿಗೆಯೇ, ಹಾಗಿದ್ದರೆ ಶಾಸನಸಭೆಯ ಮೂರನೇ ಎರಡರಷ್ಟು ಬಹುಮತ ಬೇಕಿತ್ತಲ್ಲವೇ ಎಂಬ ದಾವೆ ಆಗ ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿತ್ತು. 2020ರ ನಂತರ ಈ ವ್ಯವಸ್ಥೆ ಮುಂದುವರಿಯುತ್ತದೆಯೇ ಎಂಬುದಕ್ಕೂ ಖಚಿತ ಕಾನೂನು ಇರಲಿಲ್ಲ. ಕ್ವಿಬೆಕ್‌ನಲ್ಲಿ ಇಂಥ ಯಾವ ಸಂಶಯವೂ ಇರಲಿಲ್ಲ. ಆದರೂ ಹರಾಜು ಒಂದೇ ಆದ್ದರಿಂದ ಅದರ ಬೊಕ್ಕಸಕ್ಕೂ ಹೆಚ್ಚು ಹಣ ಬರಲಿಲ್ಲ. 2017ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಇದು ತೆರಿಗೆಯಲ್ಲ ಎಂದಿತು, ಜುಲೈನಲ್ಲಿ ಶಾಸನಸಭೆ ಮೂರನೇ ಎರಡರ ಬಹುಮತದಿಂದಲೇ ಅವಧಿ ವಿಸ್ತರಿಸಿತು. ಆಮೇಲೆ ಖರೀದಿದಾರರು ಮರಳಿದರು.

ಒಂಟಾರಿಯೊ ಹೊರನಡೆದ ದಿನ

ಕೆನಡಾದ ಇನ್ನೊಂದು ಪ್ರಾಂತ್ಯ ಒಂಟಾರಿಯೊ 2018ರ ಜನವರಿ 1ರಂದು ಮೂರನೆಯವನಾಗಿ ಸೇರಿತು. ಮೇ ಹರಾಜಿನಲ್ಲೂ ಭಾಗವಹಿಸಿತು. ಜೂನ್‌ನಲ್ಲಿ ಚುನಾವಣೆ; ಈ ವ್ಯವಸ್ಥೆಯನ್ನೇ ರದ್ದು ಮಾಡುತ್ತೇನೆ ಎಂದು ಪ್ರಚಾರ ಮಾಡಿದ್ದ ಡಗ್ ಫೋರ್ಡ್ ಗೆದ್ದರು. ಜೂನ್ 15ರಂದು, ಇನ್ನೂ ಪ್ರಮಾಣವಚನ ಸ್ವೀಕರಿಸುವ ಮೊದಲೇ, ಹೊರಬರುತ್ತೇವೆ ಎಂದು ಘೋಷಿಸಿದರು. ಮೂರೂ ಸರ್ಕಾರಗಳು ಸಹಿ ಹಾಕಿದ್ದ ಒಪ್ಪಂದದಲ್ಲಿ ಹೊರಹೋಗುವವರು 12 ತಿಂಗಳ ಮುನ್ಸೂಚನೆ ಕೊಡಲು ‘ಪ್ರಯತ್ನಿಸಬೇಕು’ ಎಂದಿತ್ತು. ಕೊಡಲೇಬೇಕು ಎಂದಿರಲಿಲ್ಲ. ಕೊಡಲೂ ಇಲ್ಲ.

ಅದೇ ದಿನ ಕ್ಯಾಲಿಫೋರ್ನಿಯಾ ಮತ್ತು ಕ್ವಿಬೆಕ್ ಜಂಟಿ ರಿಜಿಸ್ಟ್ರಿಯಲ್ಲಿ, ಅಂದರೆ ಯಾರ ಖಾತೆಯಲ್ಲಿ ಎಷ್ಟು ಪರವಾನಗಿ ಇದೆ ಎಂಬ ಲೆಕ್ಕದ ಪುಸ್ತಕದಲ್ಲಿ, ಒಂಟಾರಿಯೊ ಖಾತೆಗಳ ಜೊತೆಗಿನ ವರ್ಗಾವಣೆಯನ್ನು ನಿಲ್ಲಿಸಿದವು. ನಿಲ್ಲಿಸದೆ ವಿಧಿಯಿರಲಿಲ್ಲ: ನಾಳೆಯಿಂದ ಬೆಲೆಯೇ ಇಲ್ಲದ ಪರವಾನಗಿಗಳನ್ನು ಒಂಟಾರಿಯೊದ ಕಂಪನಿಗಳು ಇವತ್ತೇ ಗಡಿಯಾಚೆ ಮಾರಿಬಿಡುತ್ತಿದ್ದವು. ಅಷ್ಟೂ ಬಂದು ಸುರಿದರೆ ಉಳಿದ ಇಬ್ಬರ ಮಿತಿಗೆ ಅರ್ಥವೇ ಇರುತ್ತಿರಲಿಲ್ಲ.

ಆದರೆ ಜನವರಿಯಿಂದ ಜೂನ್‌ವರೆಗೆ ಆಗಲೇ ಹರಿದುಹೋದದ್ದೇನು? ಈ ರಿಜಿಸ್ಟ್ರಿಯಲ್ಲಿ ಪರವಾನಗಿ ಯಾವ ಸರ್ಕಾರ ಹೊರಡಿಸಿದ್ದು ಎಂಬುದು ಖಾತೆದಾರರಿಗೆ ಕಾಣುವುದಿಲ್ಲ. ಬೇಕೆಂದೇ ಹಾಗೆ ಮಾಡಿದ್ದು; ಕಂಡರೆ ಇಂಥವರದ್ದು ಒಳ್ಳೆಯದು, ಅಂಥವರದ್ದು ಬೇಡ ಎಂದು ಮೂರು ಬೆಲೆಗಳು ಹುಟ್ಟಿಕೊಳ್ಳುತ್ತವೆ. ಆದರೆ ಅವಿಭಕ್ತ ಕುಟುಂಬ ಒಡೆದಾಗ ಪಾಲುಪಟ್ಟಿ ಇಲ್ಲದಿದ್ದರೆ ಆಗುವ ಪಾಡೇ ಇಲ್ಲೂ ಆಯಿತು. ಅಧಿಕಾರಿಗಳು ಕೂಡಿ ಕಳೆದು ನೋಡಿದಾಗ, ಒಂಟಾರಿಯೊದಿಂದ ಬಂದದ್ದು ಹೆಚ್ಚು, ಅಲ್ಲಿಗೆ ಹೋದದ್ದು ಕಡಿಮೆ. ವ್ಯತ್ಯಾಸ 1,31,86,967 ಪರವಾನಗಿ. ಇವುಗಳ ಹಿಂದೆ ಈಗ ಯಾವ ಸರ್ಕಾರದ ಮಿತಿಯೂ ಇರಲಿಲ್ಲ. ಹಾಗೆಂದು ಕೊಂಡವರ ಕೈಯಿಂದ ಕಿತ್ತುಕೊಳ್ಳುವ ಹಾಗೂ ಇಲ್ಲ, ಅವರು ನ್ಯಾಯವಾಗಿಯೇ ಕೊಂಡದ್ದು. ಕೊನೆಗೆ ಎರಡೂ ಸರ್ಕಾರಗಳು ತಾವು ಮುಂದೆ ಮಾರಬೇಕಿದ್ದ ಪರವಾನಗಿಗಳಲ್ಲೇ ಅಷ್ಟನ್ನು ರದ್ದು ಮಾಡಿದವು: ಕ್ಯಾಲಿಫೋರ್ನಿಯಾ 1,13,40,792, ಕ್ವಿಬೆಕ್ 18,46,175. ಅಂದರೆ ಹೊರಹೋದವನ ಬಾಕಿಯನ್ನು ಉಳಿದವರು ತಮ್ಮ ಹರಾಜು ಆದಾಯದಿಂದ ತೀರಿಸಿದರು.

ಒಂಟಾರಿಯೊದ ಒಳಗಿನ ಕಥೆ ಇನ್ನೂ ಕಹಿ. ಅಲ್ಲಿನ ಕಂಪನಿಗಳು ಹರಾಜುಗಳಲ್ಲಿ ಕೊಂಡದ್ದು ಶತಕೋಟಿಗಟ್ಟಲೆ ಡಾಲರಿನಷ್ಟು. ರದ್ದತಿ ಕಾನೂನು ಪರಿಹಾರಕ್ಕೆಂದು ತೆಗೆದಿಟ್ಟದ್ದು ಒಟ್ಟು 50 ಲಕ್ಷ ಕೆನಡಾ ಡಾಲರಿನವರೆಗೆ. ಬರೀ ವ್ಯಾಪಾರಕ್ಕೆ ಬಂದವರಿಗೆ ಅದೂ ಇಲ್ಲ. ಅಮೆರಿಕದ ಕೋಕ್ ಇಂಡಸ್ಟ್ರೀಸ್ ಕಂಪನಿಯ ವ್ಯಾಪಾರ ವಿಭಾಗ ಮೇ ಹರಾಜಿನಲ್ಲಿ ಸುಮಾರು 3 ಕೋಟಿ ಅಮೆರಿಕನ್ ಡಾಲರಿನಷ್ಟು ಕೊಂಡಿತ್ತು. ಅದು ಉತ್ತರ ಅಮೆರಿಕದ ದೇಶಗಳ ಮುಕ್ತ ವ್ಯಾಪಾರ ಒಪ್ಪಂದವಾದ ನಾಫ್ತಾದಡಿ ಕೆನಡಾದ ಮೇಲೆ ಅಂತರರಾಷ್ಟ್ರೀಯ ಪಂಚಾಯ್ತಿಗೆ ಹೋಯಿತು. 2024ರ ಮಾರ್ಚ್‌ನಲ್ಲಿ ಬಂದ ತೀರ್ಪು: ಈ ಪರವಾನಗಿಗಳು ನಾಫ್ತಾದ ಅರ್ಥದಲ್ಲಿ ‘ಹೂಡಿಕೆ’ಯಲ್ಲ, ಆದ್ದರಿಂದ ಈ ದೂರನ್ನು ಕೇಳುವ ಅಧಿಕಾರ ನಮಗಿಲ್ಲ. ಗಡಿಯಾಚೆಯ ಪರವಾನಗಿ ಕೊಳ್ಳುವವರು ಗೋಡೆಗೆ ಅಂಟಿಸಿಕೊಳ್ಳಬೇಕಾದ ತೀರ್ಪು ಇದು. ಹಣ ಕೊಟ್ಟು ಕೊಂಡದ್ದೆಲ್ಲ ಆಸ್ತಿಯಾಗುವುದಿಲ್ಲ.

ಹಾಗಾದರೆ ಹೊರಹೋಗುವ ವಿಧಿಯಲ್ಲಿ ಏನಿರಬೇಕು? ಮುನ್ಸೂಚನೆ ಕಡ್ಡಾಯವಾಗಿರಬೇಕು, ಆದರೆ ಮುನ್ಸೂಚನೆಯ ಅವಧಿಯಲ್ಲಿ ಹೊರಹೋಗುವವರ ಪರವಾನಗಿಗಳ ರಫ್ತಿಗೆ ತಡೆ ಇರಬೇಕು; ಬರೀ ಮುನ್ಸೂಚನೆ ಇದ್ದರೆ 12 ತಿಂಗಳು ಅಗ್ಗದ ಸರಕು ಸುರಿಯಲು ಅನುಮತಿ ಕೊಟ್ಟಂತೆ. ಜೋಡಣೆಯ ದಿನದಿಂದಲೇ ನಿವ್ವಳ ಹರಿವಿನ ಲೆಕ್ಕವನ್ನು ನಿಯಂತ್ರಕರು ತಿಂಗಳು ತಿಂಗಳು ಇಟ್ಟಿರಬೇಕು. ವ್ಯತ್ಯಾಸವನ್ನು ಯಾರು, ಯಾವ ಅನುಪಾತದಲ್ಲಿ ಹೊರಬೇಕು ಎಂಬುದು ಮೊದಲೇ ಬರೆದಿರಬೇಕು.

ಸಡಿಲ ನಿಯಮದ ಹಿಂಬಾಗಿಲು

‘ಅವರ ನಿಯಮ ಅವರಿಗೆ, ನಮ್ಮ ನಿಯಮ ನಮಗೆ’ ಎಂಬ ಮಾತು ಜೋಡಣೆಯಾದ ದಿನವೇ ಸುಳ್ಳಾಗುತ್ತದೆ. ಅ ಎಂಬ ದೇಶ ಕಾಡು ಬೆಳೆಸುವ ಯೋಜನೆಗಳ ಕ್ರೆಡಿಟ್‌ಗಳನ್ನು ಪರವಾನಗಿಯ ಬದಲು ಒಪ್ಪುತ್ತದೆ, ಬ ಒಪ್ಪುವುದಿಲ್ಲ ಎಂದುಕೊಳ್ಳಿ. ಅ ದೇಶದ ಕಾರ್ಖಾನೆ ತನ್ನ ಬಾಕಿಗೆ ಅಗ್ಗದ ಕ್ರೆಡಿಟ್ ಒಪ್ಪಿಸಿ, ಹಾಗೆ ಉಳಿಸಿಕೊಂಡ ಅಸಲಿ ಪರವಾನಗಿಯನ್ನು ಬ ದೇಶಕ್ಕೆ ಮಾರುತ್ತದೆ. ಬ ದೇಶಕ್ಕೆ ಬಂದದ್ದು ಶುದ್ಧ ಪರವಾನಗಿಯೇ, ನಿಯಮ ಮುರಿದಿಲ್ಲ. ಆದರೂ ಆ ಕ್ರೆಡಿಟ್ಟಿನ ಬಲದ ಮೇಲೆ ಬ ದೇಶದಲ್ಲಿ ಒಂದು ಟನ್ ಹೆಚ್ಚು ಹೊಗೆ ಹೋಯಿತು. ಬೆಲೆಯ ಮೇಲ್ಮಿತಿಯೂ ಹೀಗೆಯೇ: ಒಬ್ಬರು ‘ಇಂತಿಷ್ಟು ಡಾಲರಿಗೆ ಎಷ್ಟು ಬೇಕಾದರೂ ಕೊಡುತ್ತೇವೆ’ ಎಂದರೆ ಆ ಬೆಲೆಗಿಂತ ಮೇಲೆ ಇನ್ನೊಬ್ಬರಲ್ಲೂ ಹೋಗುವುದಿಲ್ಲ.

ಆಸ್ಟ್ರೇಲಿಯಾಕ್ಕೆ ಇದು ತಳಬೆಲೆಯ ರೂಪದಲ್ಲಿ ಎದುರಾಯಿತು. ಐರೋಪ್ಯ ಒಕ್ಕೂಟದ ಜೊತೆ 2015ರಿಂದ ಒಮ್ಮುಖ, 2018ರೊಳಗೆ ಪೂರ್ಣ ಜೋಡಣೆ ಎಂದು 2012ರ ಆಗಸ್ಟ್‌ನಲ್ಲಿ ಘೋಷಿಸಿ, ಅದಕ್ಕಾಗಿ ತಾನು ಇಟ್ಟುಕೊಳ್ಳಬೇಕೆಂದಿದ್ದ 15 ಡಾಲರಿನ ತಳಬೆಲೆಯನ್ನು ಕೈಬಿಟ್ಟಿತು. ಮರುವರ್ಷ ಯುರೋಪಿನಲ್ಲಿ ಬೆಲೆ 5 ಯೂರೊಗಿಂತ ಕೆಳಗಿಳಿಯಿತು. 2014ರ ಜುಲೈನಲ್ಲಿ ಹೊಸ ಸರ್ಕಾರ ಇಡೀ ಕಾರ್ಬನ್ ದರವನ್ನೇ ರದ್ದು ಮಾಡಿದ್ದರಿಂದ ಜೋಡಣೆ ಕಾಗದದಲ್ಲೇ ಉಳಿಯಿತು.

ಯುರೋಪ್ ಮತ್ತು ಸ್ವಿಟ್ಜರ್‌ಲೆಂಡ್‌ನವರು ಇದಕ್ಕೆ ಕಂಡುಕೊಂಡ ಉಪಾಯ ಸರಳ, ಆದರೆ ನಿಧಾನ: ಚಿಕ್ಕವರು ದೊಡ್ಡವರ ಹಾಗೆ ಆಗುವವರೆಗೆ ಕಾಯುವುದು. ಐರೋಪ್ಯ ವ್ಯವಸ್ಥೆಯಲ್ಲಿ ಸುಮಾರು 10,000 ಸ್ಥಾವರಗಳಿವೆ, ಸ್ವಿಸ್‌ನಲ್ಲಿ ಐವತ್ತರ ಆಸುಪಾಸು. ಒಪ್ಪಂದಕ್ಕೆ 2017ರ ನವೆಂಬರ್‌ನಲ್ಲಿ ಸಹಿ, 2020ರ ಜನವರಿ 1ರಿಂದ ಜಾರಿ. ಅದಕ್ಕೂ ಮೊದಲು 2014ರ ಫೆಬ್ರುವರಿಯಲ್ಲಿ ಸ್ವಿಸ್ ಜನಮತ ವಲಸೆಗೆ ಮಿತಿ ಬೇಕೆಂದಾಗ ಮಾತುಕತೆಯೇ ನಿಂತುಹೋಗಿತ್ತು. ಕಾರ್ಬನ್ನಿಗೂ ವಲಸೆಗೂ ಏನು ಸಂಬಂಧ ಎಂದು ಕೇಳಬೇಡಿ, ದೇಶಗಳ ನಡುವಿನ ಒಪ್ಪಂದಗಳು ಒಂದಕ್ಕೊಂದು ತಗುಲಿಕೊಂಡೇ ಇರುತ್ತವೆ. ಎರಡೂ ವ್ಯವಸ್ಥೆಗಳು ಮುಟ್ಟಲೇಬೇಕಾದ ಮಾನದಂಡಗಳನ್ನು ಅನುಬಂಧದಲ್ಲಿ ಪಟ್ಟಿ ಮಾಡಿದ್ದಾರೆ. ಸ್ವಿಸ್ ವ್ಯವಸ್ಥೆ ಜೋಡಣೆಗಾಗಿಯೇ ವಿಮಾನಯಾನವನ್ನು ಸೇರಿಸಿಕೊಳ್ಳಬೇಕಾಯಿತು. ವಿಮಾನ ಎಲ್ಲಿಂದ ಹೊರಡುತ್ತದೋ ಆ ವ್ಯವಸ್ಥೆಗೆ ಲೆಕ್ಕ: ಜ್ಯೂರಿಕ್‌ನಿಂದ ಪ್ಯಾರಿಸ್‌ಗೆ ಹೋದರೆ ಸ್ವಿಸ್, ವಾಪಸ್ ಬರುವಾಗ ಐರೋಪ್ಯ.

ಕಾನೂನು ಜಾರಿಗೆ ಬಂದರೂ ಪರವಾನಗಿ ನಿಜವಾಗಿ ಗಡಿ ದಾಟಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಎರಡು ರಿಜಿಸ್ಟ್ರಿಗಳ ವಹಿವಾಟು ದಾಖಲೆಗಳು ಒಂದಕ್ಕೊಂದು ತಾಳೆ ನೋಡಿಕೊಳ್ಳುವಂತೆ ಮಾಡಲು ಅಷ್ಟು ಸಮಯ ಹಿಡಿಯಿತು. ಇದನ್ನು ಅಧಿಕಾರಶಾಹಿಯ ಸೋಮಾರಿತನ ಎನ್ನಲು ನನಗೆ ಮನಸ್ಸಿಲ್ಲ. 2011ರ ಜನವರಿಯಲ್ಲಿ ಜೆಕ್ ಗಣರಾಜ್ಯದ ರಿಜಿಸ್ಟ್ರಿಯಲ್ಲಿದ್ದ ಒಂದು ಕಂಪನಿಯ ಖಾತೆಯಿಂದ ಸುಮಾರು 4.75 ಲಕ್ಷ ಪರವಾನಗಿಗಳು ಕಳುವಾಗಿ ಬೇರೆ ದೇಶಗಳ ಖಾತೆಗಳಿಗೆ ಹಾರಿದ್ದವು. ಆಗ ಪ್ರತಿ ಸದಸ್ಯ ದೇಶಕ್ಕೂ ಅದರದೇ ರಿಜಿಸ್ಟ್ರಿ. ಎಲ್ಲಿ ಕಾವಲು ಸಡಿಲವೋ ಅಲ್ಲಿಂದ ಒಳನುಗ್ಗಿದರೆ ಇಡೀ ಯುರೋಪಿನ ಮಾರುಕಟ್ಟೆ ಕೈಗೆ ಸಿಗುತ್ತಿತ್ತು. ಐರೋಪ್ಯ ಆಯೋಗ ಎಲ್ಲೆಡೆ ವರ್ಗಾವಣೆ ನಿಲ್ಲಿಸಿತು. ನಂತರ 2012ರಲ್ಲಿ ಎಲ್ಲವನ್ನೂ ಒಂದೇ ರಿಜಿಸ್ಟ್ರಿಗೆ ತಂದರು. ಒಬ್ಬರು ಸಲ್ಲಿಸಿದ ವರ್ಗಾವಣೆಯನ್ನು ಇನ್ನೊಬ್ಬರು ಒಪ್ಪಬೇಕು, ಒಪ್ಪಿದ ಮೇಲೂ 26 ಗಂಟೆ ಕಾಯಬೇಕು ಎಂಬಂಥ ನಿಯಮಗಳು ಬಂದವು.

ಬ್ರಿಟನ್ ಈಗ ಇದೇ ದಾರಿಯಲ್ಲಿದೆ. 2021ರಲ್ಲಿ ಒಕ್ಕೂಟದ ವ್ಯವಸ್ಥೆಯಿಂದ ಹೊರಬಂದು ತನ್ನದೇ ಮಾರುಕಟ್ಟೆ ಕಟ್ಟಿಕೊಂಡಿತು, 2025ರ ಮೇ 19ರಂದು ಮತ್ತೆ ಜೋಡಿಸಲು ಒಪ್ಪಿತು. ಬ್ರಿಟನ್ನಿನ ಹರಾಜಿಗೆ ತಳಬೆಲೆ ಇದೆ, 2021ರಲ್ಲಿ ಅದು 22 ಪೌಂಡ್ ಇತ್ತು. ಯುರೋಪಿನಲ್ಲಿ ತಳಬೆಲೆ ಇಲ್ಲ, ಹೆಚ್ಚುವರಿ ಪರವಾನಗಿಗಳನ್ನು ಹಿಂತೆಗೆದುಕೊಳ್ಳುವ ಮೀಸಲು ವ್ಯವಸ್ಥೆ ಇದೆ. ಯಾರದ್ದು ಉಳಿಯುತ್ತದೆ ಎಂದು ಊಹಿಸುವುದು ಕಷ್ಟವಲ್ಲ: ಐರೋಪ್ಯ ನಿಯಮ ಬದಲಾದಂತೆಲ್ಲ ತಾನೂ ಬದಲಾಗುತ್ತೇನೆ ಎಂದು ಬ್ರಿಟನ್ ಆಗಲೇ ತಲೆಯಾಡಿಸಿದೆ.

ಭಾರತದ ಲೆಕ್ಕ ಬೇರೆ

ನಮ್ಮ ಕಾರ್ಬನ್ ಕ್ರೆಡಿಟ್ ಟ್ರೇಡಿಂಗ್ ಸ್ಕೀಮ್ 2023ರ ಜೂನ್‌ನಲ್ಲಿ ಅಧಿಸೂಚಿತವಾಯಿತು. ಇಂಧನ ದಕ್ಷತಾ ಬ್ಯೂರೊ ಆಡಳಿತ ನೋಡುತ್ತದೆ, ರಿಜಿಸ್ಟ್ರಿ ಗ್ರಿಡ್ ಇಂಡಿಯಾದ್ದು, ವ್ಯಾಪಾರದ ನಿಯಂತ್ರಣ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ್ದು. 2025ರ ಅಕ್ಟೋಬರ್‌ನಲ್ಲಿ ಅಲ್ಯೂಮಿನಿಯಂ, ಸಿಮೆಂಟ್, ಕ್ಲೋರ್-ಆಲ್ಕಲಿ ಮತ್ತು ಕಾಗದ ವಲಯಗಳ 282 ಸ್ಥಾವರಗಳಿಗೆ ಮೊದಲ ಗುರಿಗಳು ಬಂದವು. ಗುರಿ ಮುಟ್ಟದೆ, ಗುರಿಗಿಂತ ಹೆಚ್ಚು ಹೊಗೆ ಇಳಿಸಿದವರಿಗೆ ಸಿಗುವ ಸರ್ಟಿಫಿಕೇಟನ್ನೂ ಕೊಂಡು ಒಪ್ಪಿಸದಿದ್ದರೆ ಸರಾಸರಿ ಮಾರುಕಟ್ಟೆ ಬೆಲೆಯ ಎರಡರಷ್ಟು ಪರಿಸರ ಪರಿಹಾರ ಕಟ್ಟಬೇಕು.

ಗುರಿ ಇರುವುದು ಒಟ್ಟು ಟನ್ನಿಗಲ್ಲ, ಉತ್ಪಾದನೆಯ ಪ್ರತಿ ಟನ್ನಿಗೆ ಎಷ್ಟು ಹೊಗೆ ಎಂಬುದಕ್ಕೆ. ಲೆಕ್ಕಕ್ಕೆಂದು ನಾನೇ ಊಹಿಸಿಕೊಂಡ ಒಂದು ಸಿಮೆಂಟ್ ಕಾರ್ಖಾನೆ ನೋಡಿ. ಗುರಿ ಟನ್ ಸಿಮೆಂಟಿಗೆ 0.80 ಟನ್, ಅದು ಬಿಟ್ಟದ್ದು 0.78. ವರ್ಷಕ್ಕೆ 10 ಲಕ್ಷ ಟನ್ ಸಿಮೆಂಟ್ ಮಾಡಿದರೆ 20,000 ಸರ್ಟಿಫಿಕೇಟ್ ಸಿಗುತ್ತದೆ, ಒಟ್ಟು ಹೊಗೆ 7.8 ಲಕ್ಷ ಟನ್. ಮರುವರ್ಷ ಬೇಡಿಕೆ ಹೆಚ್ಚಿ 12 ಲಕ್ಷ ಟನ್ ಮಾಡಿದರೆ 24,000 ಸರ್ಟಿಫಿಕೇಟ್, ಒಟ್ಟು ಹೊಗೆ 9.36 ಲಕ್ಷ ಟನ್. ಹೊಗೆಯೂ ಹೆಚ್ಚಿತು, ಮಾರಲು ಸಿಕ್ಕ ಸರ್ಟಿಫಿಕೇಟೂ ಹೆಚ್ಚಿತು. ಬೆಳೆಯುತ್ತಿರುವ ದೇಶದೊಳಗೆ ಇದಕ್ಕೊಂದು ನ್ಯಾಯವಿದೆ. ಆದರೆ ಈ 24,000ವನ್ನು ಒಟ್ಟು ಮಿತಿ ಇರುವ ಮಾರುಕಟ್ಟೆಗೆ ಸುರಿದರೆ ಅಲ್ಲಿನ ಮಿತಿ ಅಷ್ಟು ಸಡಿಲವಾಗುತ್ತದೆ, ಇಲ್ಲಿ ಒಟ್ಟು ಮಿತಿಯೇ ಇಲ್ಲ. ಅದಕ್ಕೇ ಐರೋಪ್ಯ ಕಾನೂನು ಕಡ್ಡಾಯವಾದ, ಒಟ್ಟು ಮಿತಿಯುಳ್ಳ ವ್ಯವಸ್ಥೆಗಳ ಜೊತೆ ಮಾತ್ರ ಜೋಡಣೆ ಎಂದು ಹೇಳುವುದು. ‘ಭಾರತದ ಮಾರುಕಟ್ಟೆ ಯುರೋಪಿಗೆ ಜೋಡಣೆಯಾದರೆ’ ಎಂದು ಶುರುವಾಗುವ ಲೇಖನಗಳು ಈ ಒಂದು ಸಾಲನ್ನು ದಾಟಿಕೊಂಡು ಹೋಗಿಬಿಡುತ್ತವೆ.

ನಮಗೆ ಸದ್ಯಕ್ಕೆ ತೆರೆದಿರುವ ದಾರಿ ಪ್ಯಾರಿಸ್ ಹವಾಮಾನ ಒಪ್ಪಂದದ 6ನೇ ವಿಧಿ, ಅಂದರೆ ಹೊಗೆ ಕಡಿತವನ್ನು ಒಂದು ದೇಶ ಇನ್ನೊಂದಕ್ಕೆ ಮಾರುವುದು. ಅಲ್ಲಿ ಮಾರಿದ ದೇಶ ಆ ಟನ್ನನ್ನು ತನ್ನ ರಾಷ್ಟ್ರೀಯ ಲೆಕ್ಕಕ್ಕೆ ಮತ್ತೆ ಸೇರಿಸಿಕೊಳ್ಳಬೇಕು, ಕೊಂಡ ದೇಶ ಅದನ್ನು ತನ್ನ ಲೆಕ್ಕದಿಂದ ಕಳೆಯಬೇಕು. ಬ್ಯಾಂಕಾಕ್‌ನ ವಿದ್ಯುತ್ ಬಸ್ಸುಗಳಿಂದ ಉಳಿದ ಟನ್ನುಗಳನ್ನು ಸ್ವಿಟ್ಜರ್‌ಲೆಂಡ್ ಥಾಯ್ಲೆಂಡಿನಿಂದ ಕೊಂಡದ್ದು ಹೀಗೆ. ಮೊದಲ ಕಂತಿನಲ್ಲಿ ಬಂದದ್ದು ಬರೀ 1,916. ಜಪಾನ್ ಜೊತೆಗಿನ ಜಂಟಿ ಕ್ರೆಡಿಟಿಂಗ್ ವ್ಯವಸ್ಥೆಗೆ ಭಾರತ 2025ರ ಆಗಸ್ಟ್‌ನಲ್ಲಿ ಸಹಿ ಹಾಕಿದೆ. ಇಲ್ಲಿ ತಪ್ಪುವುದು ಸುಲಭ: ಅಗ್ಗದ ಕಡಿತವನ್ನೆಲ್ಲ ಹೊರಗೆ ಮಾರಿಬಿಟ್ಟರೆ ನಮ್ಮ ಗುರಿಗೆ ಉಳಿಯುವುದು ದುಬಾರಿ ಕೆಲಸ ಮಾತ್ರ.

ಕರ್ನಾಟಕದ ಕಾರ್ಖಾನೆಗಳಿಗೆ ಯುರೋಪ್ ತಟ್ಟುವುದು ಜೋಡಣೆಯ ಮೂಲಕ ಅಲ್ಲ, ಗಡಿ ಸುಂಕದ ಮೂಲಕ. ತೋರಣಗಲ್ಲಿನ ಉಕ್ಕು ಯುರೋಪಿಗೆ ಹೋದರೆ 2026ರ ಜನವರಿಯಿಂದ ಅಲ್ಲಿನ ಆಮದುದಾರ ಅದರೊಳಗಿನ ಹೊಗೆಗೆ ಲೆಕ್ಕ ಕೊಡಬೇಕು. ಜೋಡಣೆಯಾದ ಸ್ವಿಟ್ಜರ್‌ಲೆಂಡಿಗೆ ಈ ಸುಂಕವೇ ಇಲ್ಲ. ತಯಾರಾದ ದೇಶದಲ್ಲಿ ನಿಜವಾಗಿ ಕಟ್ಟಿದ ಕಾರ್ಬನ್ ಬೆಲೆಯನ್ನು ಕಳೆಯಬಹುದು ಎಂಬ ನಿಯಮವನ್ನು ನಂಬಿಕೊಂಡು ಹಲವರು ಕೂತಿದ್ದಾರೆ. ಅದೇ ಸಿಮೆಂಟ್ ಕಾರ್ಖಾನೆ ಈ ಬಾರಿ 0.82 ಬಿಟ್ಟಿತು ಎಂದುಕೊಳ್ಳಿ. 10 ಲಕ್ಷ ಟನ್ನಿಗೆ 20,000 ಸರ್ಟಿಫಿಕೇಟ್ ಕೊಳ್ಳಬೇಕು. ಒಂದಕ್ಕೆ 800 ರೂಪಾಯಿ ಎಂದರೆ 1.6 ಕೋಟಿ. ಒಟ್ಟು ಹೊಗೆ 8.2 ಲಕ್ಷ ಟನ್. ಭಾಗಿಸಿದರೆ ಟನ್ನಿಗೆ ಸುಮಾರು 19 ರೂಪಾಯಿ 50 ಪೈಸೆ. ಮಾರುಕಟ್ಟೆಯ ಬೆಲೆ 800 ಆದರೂ ಕಟ್ಟಿದ್ದು ಸರಾಸರಿ ಇಷ್ಟೇ. ಗುರಿ ಮುಟ್ಟಿದ ಕಾರ್ಖಾನೆ ಕಟ್ಟಿದ್ದು ಸೊನ್ನೆ, ಕಳೆಯಲು ಏನೂ ಇಲ್ಲ.

ಇಷ್ಟಾದರೂ ಆ ಹತ್ತೊಂಬತ್ತೂವರೆ ರೂಪಾಯಿಯನ್ನು ಬಿಡಬಾರದು. 2026ರ ಆಮದಿಗೆ ಯುರೋಪಿನ ಗಡಿ ಸುಂಕದ ಸರ್ಟಿಫಿಕೇಟುಗಳ ಮಾರಾಟ 2027ರ ಫೆಬ್ರುವರಿಯಲ್ಲಿ ಶುರು, ಘೋಷಣೆಗೆ ಕೊನೆಯ ದಿನ 2027ರ ಸೆಪ್ಟೆಂಬರ್ 30. ಅಷ್ಟರೊಳಗೆ ಯುರೋಪಿನ ಖರೀದಿದಾರ ಕೇಳುವ ಕಾಗದಗಳು ಇವು: ಪರಿಶೀಲಕರು ಒಪ್ಪಿದ ಹೊಗೆಯ ವರದಿ, ಭಾರತದ ಸರ್ಟಿಫಿಕೇಟ್ ಕೊಂಡ ವಿದ್ಯುತ್ ವಿನಿಮಯ ಕೇಂದ್ರದ ಬಿಲ್, ಅದನ್ನು ರಿಜಿಸ್ಟ್ರಿಯಲ್ಲಿ ಒಪ್ಪಿಸಿದ ದಾಖಲೆ, ಹಣ ಪಾವತಿಯ ಪುರಾವೆ, ಮತ್ತು ಆ ಖರ್ಚಿಗೆ ಸರ್ಕಾರದಿಂದ ಯಾವ ಮರುಪಾವತಿಯೂ ಬಂದಿಲ್ಲ ಎಂಬುದಕ್ಕೆ ಆಧಾರ. ಕೊನೆಯದನ್ನೇ ಎಲ್ಲರೂ ಮರೆಯುವುದು. ಮರುಪಾವತಿ ಬಂದಿದ್ದರೆ ಅಷ್ಟನ್ನು ಕಳೆದೇ ಲೆಕ್ಕ ಹಿಡಿಯುತ್ತಾರೆ.